ಇಣುಕಪ್ಪನ ಮಳೆಪಾಠ

ಮಗಳಿಗೆ ಜಲಚಕ್ರ ಕಲಿಸಲು ಕುಳಿತ ಆ ಮಹಾಶಯನಿಗೆ ಹೆಂಡತಿ ಇಟ್ಟ ಹೆಸರು ಇಣುಕಪ್ಪ. ಹಾಲು ಕಾಯುವ ಮೊದಲೇ ಮುಚ್ಚಳ ಎತ್ತುವವನು, ಬೀಜ ಹಾಕಿದ ಮರುದಿನವೇ ಮಣ್ಣು ಕೆದಕಿ ಮೊಳಕೆ ಹುಡುಕುವವನು ಅವನು. ಗಾಜಿನ ಪಾತ್ರೆಗೆ ಬಿಸಿನೀರು ಸುರಿದು, ತಟ್ಟೆ ಮುಚ್ಚಿ, ಅದರ ಮೇಲೆ ಮಂಜುಗಡ್ಡೆ ಇಟ್ಟು, "ನೋಡು ಪುಟ್ಟಿ, ಕೆಳಗೆ ಸಮುದ್ರ, ಮೇಲೆ ಆಕಾಶ. ಆವಿ ಏರುತ್ತೆ, ತಣ್ಣಗಾಗುತ್ತೆ, ಮಳೆಯಾಗುತ್ತೆ" ಎಂದು ಮಳೆರಾಯನಿಗೇ ಹೆಣ್ಣು ಕೊಟ್ಟ ಮಾವನಂತೆ ಘೋಷಿಸುತ್ತಾನೆ, ಮಾತು ಮುಗಿಯುವುದರೊಳಗೆ ತಟ್ಟೆ ಎತ್ತಿ ಇಣುಕುತ್ತಾನೆ. ಆವಿಯೆಲ್ಲ ಅವನ ಕನ್ನಡಕದ ಪಾಲು. "ಇನ್ನೂ ಬಂದಿಲ್ವಲ್ಲೇ!" ಮತ್ತೆ ಬಿಸಿನೀರು, ಮತ್ತೆ ಭಾಷಣ, ಮತ್ತೆ ಇಣುಕಾಟ. "ಅಪ್ಪಾ, ನಾಳೆ ಕ್ಲಾಸಲ್ಲಿ ನಾನೇ ಮಾಡಿ ತೋರಿಸ್ಬೇಕು. ಒಂದ್ಸಲನಾದ್ರೂ ಮಳೆ ಬರೋಕೆ ಬಿಡು" ಎಂದು ಮಗಳು ಅಳುಮೋರೆ ಮಾಡುತ್ತಾಳೆ. "ಏನ್ರೀ, ನಿಮ್ಮ ಕನ್ನಡಕಕ್ಕೆ ಮಳೆಗಾಲ, ಪಾತ್ರೆಗೆ ಬರಗಾಲ" ಎಂದು ಹೆಂಡತಿ ಹಂಗಿಸುತ್ತಾಳೆ. ಆದರೆ ಈ ಚಟದ ಹುಟ್ಟು ಅವಳಿಗೆ ಗೊತ್ತು. ದಿನ ತುಂಬದೆ ಹುಟ್ಟಿದ ಇದೇ ಮಗಳನ್ನು ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದಾಗ, ಮುಟ್ಟಬೇಡಿ ಎಂದ ದಾದಿಯ ಮುಂದೆ ಕೈಕಟ್ಟಿ ನಿಂತಿದ್ದವನು ಇವನು. ಅಂದಿನಿಂದ ಮುಚ್ಚಿಟ್ಟ ಯಾವುದನ್ನೂ ಅವನು ನಂಬಿಲ್ಲ. ಹೆಂಡತಿ ತಟ್ಟೆಯನ್ನು ಮತ್ತೆ ಮುಚ್ಚಿ, ಪಕ್ಕದಲ್ಲಿ ಕುಳಿತು ಅವನ ಎರಡೂ ಕೈ ಹಿಡಿದುಕೊಂಡಳು. "ಬರುತ್ತೆ ಕಣ್ರೀ. ಇವಳು ಬರ್ಲಿಲ್ವಾ?" ತಟ್ಟೆಯಡಿ ಮೊದಲ ಹನಿ ಕಟ್ಟಿ, ತೂಗಿ, ಬೀಳುವವರೆಗೂ ಅವನು ತನ್ನ ಕೈಗಳನ್ನು ಬಿಡಿಸಿಕೊಳ್ಳಲಿಲ್ಲ.