ಅತ್ತೆಯ ಜೊತೆ ಕಡಲ ಪಕ್ಕದ ರೇಸಿಗೆ

ನಮ್ಮತ್ತೆಗೆ ಎಪ್ಪತ್ತೆಂಟು ತುಂಬಿದ ವರ್ಷ ಕುದುರೆ ರೇಸು ನೋಡಬೇಕು ಅನ್ನಿಸಿತು. ಅದೂ ಯಾವಾಗ ಎಂದರೆ, ಮುಂಬೈಯಲ್ಲಿರುವ ಅವರ ತಂಗಿಯ ಮಗಳ ಗೃಹಪ್ರವೇಶಕ್ಕೆಂದು ನಾನು ಇಬ್ಬರಿಗೂ ಟಿಕೆಟ್ ತೆಗೆಸಿದ ಮೇಲೆ. ಗೃಹಪ್ರವೇಶ ಶನಿವಾರ ಇತ್ತು. ಭಾನುವಾರ ಇಡೀ ದಿನ ಕಡಲ ದಂಡೆಯ ಮೇಲೆ ಸುಮ್ಮನೆ ಕೂತಿದ್ದು ಬರಬೇಕು ಎಂದು ನಾನು ತಿಂಗಳಿಂದ ಕನಸು ಕಂಡಿದ್ದೆ. ಬೆಂಗಳೂರಿನ ಬಸವೇಶ್ವರನಗರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವ ನನಗೆ ಆ ವರ್ಷ ಉತ್ತರ ಪತ್ರಿಕೆ ತಿದ್ದಿ ತಿದ್ದಿ ತಲೆ ಕೆಟ್ಟುಹೋಗಿತ್ತು.

"ಸಮುದ್ರದ ಪಕ್ಕದಾಗೇ ಕುದುರೆ ಓಡಿಸ್ತಾರಂತೆ ಅಲ್ಲಿ," ಅಂದರು ಅತ್ತೆ. "ನಿಂದೂ ಆಯ್ತು, ನಂದೂ ಆಯ್ತು."

"ಇಲ್ಲೇ ಊರೊಳಗೆ ರೇಸ್ ಕೋರ್ಸ್ ಇದೆಯಲ್ಲ ಅತ್ತೆ. ಯಾವ ಭಾನುವಾರ ಬೇಕಾದ್ರೂ ಕರ್ಕೊಂಡು ಹೋಗ್ತೀನಿ."

"ಅಲ್ಲಿಗೆ ಕಾಲಿಡಲ್ಲ ಅಂತ ನಿಮ್ಮ ಮಾವನೋರಿಗೆ ಮಾತು ಕೊಟ್ಟೀನಿ. ಬೊಂಬಾಯಿದಕ್ಕೆ ಕೊಟ್ಟಿಲ್ಲ."

ಮಾವ ಬಿನ್ನಿಪೇಟೆಯ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ಪಾಳಿ ಮುಗಿಸಿ ನೇರವಾಗಿ ರೇಸಿಗೆ ಹೋಗಿ ಬರಿಗೈಯಲ್ಲಿ ಮನೆಗೆ ಬರುತ್ತಿದ್ದ ಜೊತೆಗಾರರನ್ನು ನೋಡಿ ನೋಡಿ, ಆ ರಸ್ತೆಯ ಬಸ್ಸು ಹತ್ತುವುದನ್ನೂ ಬಿಟ್ಟಿದ್ದರಂತೆ. ಅತ್ತೆಯ ಕಥೆಯೇ ಬೇರೆ. ಅವರಪ್ಪ ದಾವಣಗೆರೆಯಲ್ಲಿ ಜಟಕಾ ಗಾಡಿ ಇಟ್ಟಿದ್ದರು. ಮದುವೆಯಾಗಿ ಬೆಂಗಳೂರಿಗೆ ಬರುವ ತನಕ ಕುದುರೆಗೆ ಹುರುಳಿ ನೆನೆಸಿಡುವುದು, ಮೈ ತಿಕ್ಕುವುದು ಎಲ್ಲ ಇವರದೇ ಕೆಲಸ. ಜೂಜಿನ ಆಸೆ ಅವರಿಗೆ ಲವಲೇಶವೂ ಇರಲಿಲ್ಲ. ಕುದುರೆ ನೋಡಬೇಕಿತ್ತು, ಅಷ್ಟೇ.

ನೀವೇ ಬಂದು ಕರೆದುಕೊಂಡು ಹೋಗಿ ಎಂದು ಗಂಡನಿಗೆ ಹೇಳಿದೆ.

"ಭಾನುವಾರ ಲೇಔಟಿನ ಅಸೋಸಿಯೇಷನ್ ಮೀಟಿಂಗ್ ಇದೆ ಕಣೇ. ಒಂದಿನ ಅಮ್ಮನ ಜೊತೆ ಹೋಗ್ಬಿಟ್ಟು ಬಾ, ಏನಾಗುತ್ತೆ," ಅಂದರು. ನಮ್ಮ ಆರ್‌ಪಿಸಿ ಲೇಔಟಿನ ಪಾರ್ಕಿಗೆ ಬೀಗ ಹಾಕುವುದು ಎಷ್ಟು ಗಂಟೆಗೆ ಎಂಬ ವಿಚಾರ ಮೂರು ವರ್ಷದಿಂದ ಆ ಮೀಟಿಂಗಿನಲ್ಲಿ ತೀರ್ಮಾನವಾಗದೆ ಉಳಿದಿದೆ. ಇವರಿಲ್ಲದಿದ್ದರೂ ಉಳಿಯುತ್ತಿತ್ತು.

ಆ ಭಾನುವಾರ ಅತ್ತೆಯ ಲಿಂಗಪೂಜೆ ಮುಗಿಯುವಾಗಲೇ ಹತ್ತೂವರೆ. ಆಮೇಲೆ ಬುತ್ತಿ. ಹೊರಗೆ ಏನಾದರೂ ತಿನ್ನೋಣ ಎಂದರೆ ಕೇಳದೆ, ಗೃಹಪ್ರವೇಶದಲ್ಲಿ ಉಳಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ಎಲ್ಲ ಸ್ಟೀಲಿನ ಡಬ್ಬಿಗೆ ತುಂಬಿಕೊಂಡರು. ಟ್ಯಾಕ್ಸಿಯಲ್ಲಿ ಒಂದೂವರೆ ಗಂಟೆ. ಕೊನೆಯ ತಿರುವಿನಲ್ಲಿ ಬಲಗಡೆ ಕಡಲು ಕಂಡಿತು. ಬಿಸಿಲಿಗೆ ಹೊಳೆಯುತ್ತ ಎಷ್ಟು ಚೆನ್ನಾಗಿತ್ತೆಂದರೆ ಅಲ್ಲೇ ಇಳಿದುಬಿಡೋಣ ಅನ್ನಿಸಿತು. ಅತ್ತೆ ಎಡಗಡೆ ನೋಡುತ್ತಿದ್ದರು.

ಗೇಟಿನಲ್ಲಿ ಕಾವಲಿನವನು ಚೀಲ ತೆಗೆಸಿ, ಡಬ್ಬಿ ಒಳಗೆ ಬಿಡುವುದಿಲ್ಲ ಎಂದ. ಇಲ್ಲೇ ಇಟ್ಟುಹೋಗೋಣ ಎಂದೆ. ಅತ್ತೆ ನನ್ನ ಮುಖವನ್ನು ಅಪರಿಚಿತರನ್ನು ನೋಡುವಂತೆ ನೋಡಿದರು.

"ಅನ್ನ ಬಿಟ್ಟು ಹೋಗ್ತಾರೇನವ್ವಾ?"

ಫುಟ್‌ಪಾತಿನ ಕಟ್ಟೆಯ ಮೇಲೆ ಕೂತು ಉಂಡೆವು. ಟೋಪಿ ಹಾಕಿದ ಹೆಂಗಸರು, ಸೂಟಿನ ಗಂಡಸರು ಕಾರಿಳಿದು ನಮ್ಮನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದರು. ಅತ್ತೆ ಕಾವಲಿನವನಿಗೂ ಒಂದು ರೊಟ್ಟಿ ಕೊಟ್ಟರು. ಅವನು ತಿಂದು, ಖಾಲಿ ಡಬ್ಬಿಯನ್ನು ತಾನೇ ಚೀಲಕ್ಕೆ ಹಾಕಿಕೊಟ್ಟ. ಅಷ್ಟರಲ್ಲಿ ಒಳಗಿನಿಂದ ಎರಡು ಸಲ ದೊಡ್ಡ ಕೂಗೆದ್ದು ಇಳಿದಿತ್ತು. ಎರಡು ಓಟ ಮುಗಿದುಹೋಗಿದ್ದವು.

ಒಳಗೆ ಹೋದ ಮೇಲಾದರೂ ಸ್ಟ್ಯಾಂಡಿನಲ್ಲಿ ನೆರಳಿಗೆ ಕೂರಬಹುದು ಎಂದುಕೊಂಡೆ. ಆದರೆ ಪ್ರತಿ ಓಟಕ್ಕೆ ಮೊದಲು ಕುದುರೆಗಳನ್ನು ಕಟಾಂಜನದೊಳಗೆ ಸುತ್ತು ಹಾಕಿಸುವ ಒಂದು ಅಂಗಳ ಸಿಕ್ಕಿತು. ಅತ್ತೆ ಹೋಗಿ ಅದರ ಕಂಬಿ ಹಿಡಿದು ನಿಂತರು. ನಿಂತವರು ನಿಂತೇ ಬಿಟ್ಟರು. ಕುದುರೆಗಳು ಹೊರಟು ಓಟ ಶುರುವಾಗುವ ಗಂಟೆ ಹೊಡೆಯಿತು. ಜನರೆಲ್ಲ ಸ್ಟ್ಯಾಂಡಿನ ಕಡೆ ಓಡಿದರು.

"ಬನ್ನಿ ಅತ್ತೆ, ಈಗಲೇ ರೇಸು."

"ನೀ ಹೋಗಿ ನೋಡು. ಓಡೋ ಕುದುರೇಲಿ ಏನ್ ಕಾಣ್ತದೆ? ನಡಿಯೋ ಕುದುರೆ ನೋಡ್ಬೇಕು."

"ಓಡೋದನ್ನ ನೋಡೋಕೆ ತಾನೇ ಬೆಂಗಳೂರಿಂದ ಬಂದಿದ್ದು?"

"ನಾ ಹಂಗಂದಿದ್ನಾ? ಕುದುರೆ ನೋಡ್ಬೇಕು ಅಂದಿದ್ದೆ."

ಮೂರು ಓಟ ಹೀಗೇ ಕಳೆದವು. ಎಪ್ಪತ್ತೆಂಟರ ಮುದುಕಿಯನ್ನು ಒಬ್ಬರನ್ನೇ ಬಿಟ್ಟು ಹೋಗುವ ಹಾಗಿಲ್ಲ. ಖಾಲಿ ಅಂಗಳದ ಪಕ್ಕ ಬಿಸಿಲಲ್ಲಿ ನಿಂತು ನಾನು ಸ್ಟ್ಯಾಂಡಿನ ಬೆನ್ನು ನೋಡುತ್ತಿದ್ದೆ. ಗಾಳಿಯಲ್ಲಿ ಉಪ್ಪಿನ ವಾಸನೆ ಬರುತ್ತಿತ್ತು. ಕಡಲು ಒಂದು ರಸ್ತೆಯಾಚೆ ಇತ್ತು, ಕುದುರೆ ಓಟ ಒಂದು ಗೋಡೆಯಾಚೆ ಇತ್ತು, ಎರಡೂ ನನಗೆ ಕಾಣುತ್ತಿರಲಿಲ್ಲ. ಅತ್ತೆ ಮಾತ್ರ ಖುಷಿಯಾಗಿದ್ದರು. ಬಿಳಿ ಕಾಲಿನದು ಸಿಟ್ಟಿನದು, ಆ ಕಂದು ಕುದುರೆಗೆ ನೀರು ಸಾಲದು, ಇದರ ಕಿವಿ ನೋಡು ಎಂದು ಒಂದೊಂದನ್ನೂ ತೋರಿಸಿದರು. ನಾನು ಹೂಂ ಹೂಂ ಎಂದೆ.

ಕೊನೆಯ ಓಟದ ಹಿಂದಿನ ಓಟಕ್ಕೆ ನನಗೆ ತಡೆಯಲಾಗಲಿಲ್ಲ. "ಇಲ್ಲೇ ಇರಿ, ಎಲ್ಲೂ ಹೋಗ್ಬೇಡಿ. ಹತ್ತು ನಿಮಿಷಕ್ಕೆ ಬರ್ತೀನಿ," ಎಂದು ಎರಡು ಸಲ ಹೇಳಿ ಸ್ಟ್ಯಾಂಡಿಗೆ ಓಡಿದೆ. ಮೆಟ್ಟಿಲು ಹತ್ತುವಾಗಲೇ ಕುದುರೆಗಳು ದೂರದ ತಿರುವಿನಲ್ಲಿದ್ದವು. ಮೊದಮೊದಲು ಆಟಿಕೆಯಂತೆ ಕಾಣುತ್ತಿದ್ದ ಅವು ಒಮ್ಮೆಲೇ ನಮ್ಮ ಕಡೆ ತಿರುಗಿ ದೊಡ್ಡದಾಗತೊಡಗಿದವು. ಹುಲ್ಲಿನ ಮೇಲೆ ಗೊರಸಿನ ಸದ್ದು ಎದೆಯೊಳಗೆ ಕೇಳಿಸಿತು. ಹಳದಿ ಅಂಗಿಯವನ ಕುದುರೆ ಹಿಂದಿನಿಂದ ಒಂದೊಂದನ್ನೇ ದಾಟಿಕೊಂಡು ಬರುತ್ತಿತ್ತು, ನಾನು ಯಾಕೋ ಅದನ್ನೇ ಕೂಗಿ ಕರೆಯುತ್ತಿದ್ದೆ. ಗಣಿತದ ಮೇಷ್ಟ್ರಮ್ಮ ಹೀಗೆ ಕಿರುಚುವುದನ್ನು ಯಾರಾದರೂ ಮಕ್ಕಳು ನೋಡಿದ್ದರೆ ಮಾನ ಹೋಗುತ್ತಿತ್ತು. ಮುಂದಿದ್ದವನು ನನ್ನ ಕಣ್ಣಿಗೆ ಅಡ್ಡವಾಗಿ ಎದ್ದು ನಿಂತಿದ್ದರಿಂದ ಕೊನೆಯ ಕ್ಷಣ ನನಗೆ ಕಾಣಲಿಲ್ಲ.

ವಾಪಸು ಬಂದರೆ ಕಂಬಿಯ ಹತ್ತಿರ ಅತ್ತೆ ಇಲ್ಲ.

ಶೌಚಾಲಯದಲ್ಲಿ ನೋಡಿದೆ, ಕ್ಯಾಂಟೀನಿನಲ್ಲಿ ನೋಡಿದೆ, ಗೇಟಿಗೆ ಹೋಗಿ ರೊಟ್ಟಿ ತಿಂದ ಕಾವಲಿನವನನ್ನು ಕೇಳಿದೆ. ಅವರ ಫೋನು ನನ್ನ ಚೀಲದಲ್ಲೇ ಇತ್ತು. ಅವರಿಗೆ ಹಿಂದಿ ಬಾರದು. ಆಫೀಸಿನಲ್ಲಿ ಮೈಕಿನಲ್ಲಿ ಅವರ ಹೆಸರು ಕೂಗಿಸಿದೆ. ಹೆಸರು ಬಿಟ್ಟರೆ ಮಿಕ್ಕಿದ್ದೆಲ್ಲ ಹಿಂದಿ. ಗಂಡನಿಗೆ ಫೋನು ಮಾಡಲು ಹೊರಟು, ಏನು ಹೇಳಲಿ ಎಂದು ತಿಳಿಯದೆ ಇಟ್ಟುಬಿಟ್ಟೆ. ಮೀಟಿಂಗಿನಲ್ಲಿ ಕೂತಿರುವ ಆ ಮನುಷ್ಯನ ಮೇಲೆ ಸಿಟ್ಟೂ ಬಂತು.

ಅರ್ಧ ಗಂಟೆಯ ಮೇಲೆ, ಓಡಿ ಬಂದ ಕುದುರೆಗಳಿಗೆ ನೀರು ಹಾಕುವ ಹಿಂಭಾಗದಲ್ಲಿ ಸಿಕ್ಕರು. ಹೊರಗಿನವರು ಹೋಗಬಾರದ ಜಾಗ. ಯಾರೋ ಕೊಟ್ಟ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಆರಾಮಾಗಿ ಕೂತಿದ್ದರು. ಎದುರಿಗೆ ಕುದುರೆ ನೋಡಿಕೊಳ್ಳುವ ನರೆಗೂದಲಿನ ಮನುಷ್ಯನೊಬ್ಬ ಕಂದು ಕುದುರೆಯ ಹಿಂಗಾಲು ತೊಡೆಯ ಮೇಲಿಟ್ಟುಕೊಂಡು ಬಗ್ಗಿದ್ದ.

ನಾನು ಅಲ್ಲೇ ನಿಂತು ಬೈದುಬಿಟ್ಟೆ. "ನಿಮಗೇನು ಬುದ್ಧಿ ಇದೆಯಾ ಅತ್ತೆ? ಎಲ್ಲೆಲ್ಲಿ ಹುಡುಕೋದು ನಾನು? ಇನ್ನೊಂದ್ಸಲ ನಿಮ್ಮನ್ನ ಎಲ್ಲಿಗೂ ಕರ್ಕೊಂಡು ಹೋಗಲ್ಲ." ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವರೆದುರು ಆ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

ಉತ್ತರ ಕೊಟ್ಟಿದ್ದು ಆ ಮನುಷ್ಯ, ಅದೂ ಕನ್ನಡದಲ್ಲಿ. ಬೀದರ ಕಡೆಯವನಂತೆ. "ಸಿಟ್ಟಾಗಬ್ಯಾಡ್ರಿ ಅಕ್ಕೋರೆ. ನಾ ಇದನ್ನ ನಡಿಸ್ಕೋತ ಹೊಂಟಿದ್ದೆ. ಅಮ್ಮಾರು ಹಿಂದಿಂದ ಬಂದು, ಏ ತಮ್ಮಾ, ಒಂದು ಲಾಳ ಸಡ್ಲ ಆಗೇತಿ, ಸದ್ದು ಕೇಳ್ಸಲ್ಲೇನು ಅಂದ್ರು. ನೋಡಿದ್ರ ಎರಡು ಮೊಳಿ ಬಿದ್ದಾವ."

ಅವನು ಕಾಲೆತ್ತಿ ತೋರಿಸಿದ. ಲಾಳದ ಒಂದು ಬದಿ ಬೆರಳಿನಲ್ಲಿ ಅಲ್ಲಾಡಿಸಿದರೆ ಅಲ್ಲಾಡುತ್ತಿತ್ತು. ಓಟದಲ್ಲಿ ಹೋಗಿರಬೇಕು, ಹೀಗೇ ನಡೆಸಿಕೊಂಡು ಹೋಗಿದ್ದರೆ ಗೊರಸು ಒಡೆಯುತ್ತಿತ್ತು ಎಂದ. ಅಷ್ಟು ಜನರ ಗಲಾಟೆಯಲ್ಲಿ, ಟಿವಿಯ ಸದ್ದನ್ನು ಎಷ್ಟು ಏರಿಸಿದರೂ ಕೇಳಿಸುವುದಿಲ್ಲ ಎನ್ನುವ ಅತ್ತೆಗೆ, ಒಂದು ಲಾಳದ ಸದ್ದು ಹೇಗೆ ಕೇಳಿಸಿತು? ಸಿಟ್ಟು ಇಳಿದಿರಲಿಲ್ಲ, ಆದರೆ ಇನ್ನೇನು ಬೈಯಬೇಕು ಎಂಬುದು ಮರೆತುಹೋಯಿತು. ಅತ್ತೆ ಎದ್ದು ಕುದುರೆಯ ಕುತ್ತಿಗೆಯನ್ನು ಎರಡು ಸಲ ತಟ್ಟಿದರು. ಅದು ತಲೆ ತಗ್ಗಿಸಿ ಅವರ ಸೆರಗು ಮೂಸಿತು.

ಹೊರಗೆ ಬಂದು ರಸ್ತೆ ದಾಟಿ ಕಡಲಿನ ಕಟ್ಟೆಯ ಮೇಲೆ ಕೂತಾಗ ಸೂರ್ಯ ಇಳಿಯುತ್ತಿದ್ದ. ಟ್ಯಾಕ್ಸಿಗೆ ಇಪ್ಪತ್ತು ನಿಮಿಷ ಇತ್ತು. ನಾನು ಬೈದದ್ದಕ್ಕೆ ಬೇಜಾರಾಯಿತಾ ಎಂದು ಕೇಳಿದೆ.

"ನೀ ಬೈದಿದ್ದು ಸರಿ ಐತೆ," ಅಂದರು ಅತ್ತೆ. "ನಾ ಹೋಗಿದ್ದೂ ಸರಿ ಐತೆ."

ಅವರು ಕಾಲು ನೀವಿಕೊಳ್ಳುತ್ತಿದ್ದರು. ನಾನು ಸಮುದ್ರ ನೋಡುತ್ತಿದ್ದೆ, ತಲೆನೋವಿನಿಂದ ಅದೂ ಸರಿಯಾಗಿ ಕಾಣುತ್ತಿರಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಗಂಡ ಕೇಳಿದರು, ಯಾವ ಕುದುರೆ ಗೆದ್ದಿತು ಎಂದು. ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಎರಡು ದಿನ ಬಿಟ್ಟು, ಸಂಜೆ ನಾನು ಸ್ಕೂಲಿನಿಂದ ಬರುವಾಗ ಅತ್ತೆ ಪಕ್ಕದ ಮನೆಯಾಕೆಗೆ ಗೇಟಿನ ಹತ್ತಿರ ಮುಂಬೈ ಕಥೆ ಹೇಳುತ್ತಿದ್ದರು. ಆಕೆ ನನ್ನನ್ನು ನೋಡಿ ಅಯ್ಯೋ ಪಾಪ ಎಂಬಂತೆ ನಕ್ಕರು.

"ರೇಸಲ್ಲಿ ನೀವು ಕಳೆದುಹೋಗ್ಬಿಟ್ಟಿದ್ರಂತೆ? ಅಮ್ಮ ಒಬ್ಬರೇ ಎಷ್ಟು ಹೆದರ್ಕೊಂಡಿದ್ರೋ ಏನೋ."

ಅತ್ತೆ ನನ್ನ ಮುಖ ನೋಡಲಿಲ್ಲ. "ಕಾಫಿ ಇಡವ್ವಾ, ಇವರಿಗೂ," ಅಂದರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಮೂರು ಲೋಟ ಹಾಲು ಕಾಯಲಿಟ್ಟೆ.