ಮುದ್ದಜ್ಜಿಯ ಹೆಸರಿಗೆ ಬಂದ ನೋಟಿಸು

ನಿರೀಕ್ಷಾ ಕರಿ ಕೋಟು ಹಾಕಲು ಶುರುಮಾಡಿ ಇನ್ನೂ ವರ್ಷ ತುಂಬಿರಲಿಲ್ಲ. ಬಲ್ಮಠದ ಜಯಪಾಲ ವಕೀಲರ ಕಚೇರಿಯಲ್ಲಿ ಅವಳು ಕಿರಿಯ ವಕೀಲೆ. ಕೋರ್ಟಿಗೆ ಹೋಗುವುದಕ್ಕಿಂತ ಕಂಪ್ಯೂಟರಿನ ಮುಂದೆ ಕೂರುವ ಕೆಲಸವೇ ಹೆಚ್ಚು. ಮಕ್ಕಳ ಸೋಪು, ಪೌಡರು ಮಾಡುವ ಬೆಂಗಳೂರಿನ ಕಂಪನಿಯೊಂದು ಅವರ ದೊಡ್ಡ ಕಕ್ಷಿದಾರ. ಅದರ ಮಾಲಿನ ಹೆಸರು ‘ಮುದ್ದು’. ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿದ್ದ ಕಂಪನಿಗೆ ಇಂಟರ್ನೆಟ್ಟಿನಲ್ಲಿ ಬೇರೆ ಯಾರೂ ಅದನ್ನು ಇಟ್ಟುಕೊಳ್ಳಬಾರದೆಂಬ ಹಟ. ಯಾರ್‍ಯಾರು ಇಟ್ಟುಕೊಂಡಿದ್ದಾರೆಂದು ಹುಡುಕಿ ನೋಟಿಸು ಬರೆಯುವುದು ನಿರೀಕ್ಷಾಳ ಪಾಲಿಗೆ ಬಿದ್ದಿತ್ತು.

ಹಾಗೆ ಹುಡುಕುವಾಗ ಒಂದು ದಿನ ‘ಮುದ್ದು ಡಾಟ್ ಇನ್’ ಎದುರಾಯಿತು. ತೆರೆಯುವ ಮೊದಲೇ ಅದು ಯಾರದ್ದೆಂದು ಅವಳಿಗೆ ಗೊತ್ತಿತ್ತು. ಕೋರಿ ರೊಟ್ಟಿಯ ಪ್ಯಾಕೆಟ್ಟು, ಸುಕ್ಕ ಮಸಾಲೆಯ ಡಬ್ಬಿ, ಕೆಳಗೆ ಅವಳ ಸೋದರಮಾವ ದುಗ್ಗಪ್ಪನವರ ಫೋನ್ ನಂಬರು. ಮಸ್ಕತ್ತಿನ ಹೋಟೆಲಿನ ಅಡುಗೆಮನೆಯಲ್ಲಿ ಪ್ರಾಯ ಕಳೆದು ಬಂದ ಮಾವ, ಪಂಪ್‌ವೆಲ್‌ನಲ್ಲಿ ಸಣ್ಣದೊಂದು ಅಂಗಡಿ ಇಟ್ಟಿದ್ದರು. ಮದುವೆಮನೆಗಳಿಗೆ ಮಸಾಲೆ ಹುರಿದು ಕೊಡುತ್ತಿದ್ದ ತನ್ನ ತಾಯಿ ಮುದ್ದುವಿನ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಮಗಳು ಪ್ರಾಪ್ತಿ ವೆಬ್‌ಸೈಟು ಮಾಡಿಕೊಟ್ಟ ಮೇಲೆ ಗಲ್ಫಿನಿಂದ ರಜೆಗೆ ಬರುವವರೆಲ್ಲ ಮೊದಲೇ ಆರ್ಡರು ಹಾಕಿ, ಹೋಗುವಾಗ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅಂಗಡಿ ನಿಂತದ್ದೇ ಅದರ ಮೇಲೆ.

ವಕೀಲರಿಗೆ ಹೇಳಬೇಕೆಂದು ನಿರೀಕ್ಷಾ ಎದ್ದಳು, ಮತ್ತೆ ಕೂತಳು. ಸಂಬಂಧದ ಮಾತು ತೆಗೆದರೆ ಈ ಕೆಲಸವೇ ತನ್ನ ಕೈತಪ್ಪಬಹುದು. ಬರೀ ನೋಟಿಸು ತಾನೆ, ಮಾವ ಹೆಸರಿಗೆ ಇನ್ನೊಂದು ಶಬ್ದ ಸೇರಿಸಿಕೊಂಡರೆ ಮುಗಿಯಿತು ಎಂದುಕೊಂಡಳು. ಉಳಿದವರ ನೋಟಿಸುಗಳ ನಡುವೆ ಮಾವನದ್ದನ್ನೂ ಟೈಪು ಮಾಡಿದಳು.

ಭಾನುವಾರ ದುಗ್ಗಪ್ಪ ಅದೇ ನೋಟಿಸನ್ನು ಹಿಡಿದುಕೊಂಡು ಶಕ್ತಿನಗರದ ಮನೆಗೆ ನಗುತ್ತಾ ಬಂದರು.

“ನಿನ್ನ ಆಫೀಸಿಂದ ಬಂದದ್ದಲ್ವಾ ಇದು? ಎಂತದೋ ಅಂತ ಹೆದರಿಹೋಗಿದ್ದೆ ಮಾರಾಯ್ತಿ. ಕೆಳಗೆ ಬಲ್ಮಠದ ಅಡ್ರೆಸ್ ನೋಡಿದ ಮೇಲೆ ಸಮಾಧಾನ ಆಯ್ತು. ಅದು ಅಮ್ಮನ ಹೆಸರು ಅಂತ ನಿನ್ನ ಸರ್‌ಗೆ ಹೇಳು. ಸೋಪಿಗೂ ಮೆಣಸಿನ ಪುಡಿಗೂ ಎಂತ ಸಂಬಂಧ?”

“ಅವಳು ನೋಡ್ತಾಳೆ ಅಣ್ಣ” ಎಂದರು ನಿರೀಕ್ಷಾಳ ತಾಯಿ, ಚಹಾ ಇಡುತ್ತಾ. ಗಂಡ ತೀರಿದ ಮೇಲೆ ಮಗಳು ಕಾನೂನು ಓದಿ ಮುಗಿಸುವವರೆಗೆ ಆ ಮನೆಗೆ ಆಸರೆಯಾಗಿದ್ದವರು ಈ ಅಣ್ಣನೇ.

“ಹೇಳ್ತೇನೆ ಮಾವ” ಎಂದಳು ನಿರೀಕ್ಷಾ.

ಹೇಳಿದಳು ಕೂಡ. ಜಯಪಾಲ ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಟಿಸ್ ಟೈಪ್ ಮಾಡುವಾಗ ಬಾಯಲ್ಲಿ ಎಂತ ಇಟ್ಟುಕೊಂಡಿದ್ದಿ? ಇನ್ನು ಈ ಫೈಲ್ ನೀನು ಮುಟ್ಟಬೇಡ, ಶೋಭಿತ್ ನೋಡ್ತಾನೆ. ನಿನ್ನ ಮಾವನ ಹತ್ರ ಕೇಸಿನ ವಿಷಯ ಮಾತಾಡುವ ಹಾಗಿಲ್ಲ. ಬೇರೆ ವಕೀಲರನ್ನು ಹಿಡೀಲಿಕ್ಕೆ ಹೇಳು. ಅಷ್ಟು ಮಾತ್ರ ಹೇಳ್ಬಹುದು. ಹೇಳ್ಲೇಬೇಕು.”

ಅಂದು ಸಂಜೆಯೇ ಅವಳು ಪಂಪ್‌ವೆಲ್‌ಗೆ ಹೋದಳು. ಅಂಗಡಿಯಲ್ಲಿ ಗಿರಾಕಿಗಳಿದ್ದರು. “ನನ್ನ ತಂಗಿಯ ಮಗಳು, ವಕೀಲೆ. ಆ ಸೋಪಿನವರ ಕೇಸ್ ಇವಳೇ ನೋಡುವುದು” ಎಂದು ಮಾವ ಎಲ್ಲರಿಗೂ ಪರಿಚಯ ಮಾಡಿಸಿದರು. ಅತ್ತೆ ಬಿಸಿ ಸಾರು ಸುರಿದ ರೊಟ್ಟಿಯ ತಟ್ಟೆಯನ್ನು ಕೈಗಿತ್ತರು. ಬೇರೆ ವಕೀಲರನ್ನು ಹಿಡಿಯಿರಿ ಎನ್ನಲು ಬಂದವಳು ತಟ್ಟೆ ಹಿಡಿದು ಕೂತಳು.

“ಎಂತ ಹೇಳಿದ್ರು ನಿನ್ನ ಸರ್?”

“ನೋಡುವ ಅಂದ್ರು” ಎಂದುಬಿಟ್ಟಳು.

ನೋಟಿಸಿಗೆ ಉತ್ತರ ಬರಲಿಲ್ಲ. ಕಂಪನಿ ದೂರು ಹಾಕಿತು. ವೆಬ್‌ಸೈಟಿನ ಹೆಸರಿನ ಇಂಥ ತಕರಾರು ಸಾಮಾನ್ಯವಾಗಿ ನೇರ ಕೋರ್ಟಿನ ಕಟಕಟೆಗೆ ಬರುವುದಿಲ್ಲ. ದೆಹಲಿಯಲ್ಲಿ ಕೂತ ಮಧ್ಯಸ್ಥಗಾರರೊಬ್ಬರು ಎರಡೂ ಕಡೆಯ ಕಾಗದಪತ್ರ ನೋಡಿ ತೀರ್ಮಾನಿಸುತ್ತಾರೆ. ಅವರ ಇಮೇಲ್ ಬಂದಾಗಲೆಲ್ಲ ದುಗ್ಗಪ್ಪ ಅದನ್ನು ನಿರೀಕ್ಷಾಳ ವಾಟ್ಸಾಪಿಗೆ ಕಳಿಸುತ್ತಿದ್ದರು. ‘ಇದನ್ನೂ ಸೇರಿಸಿಕೋ’ ಎಂದು ಕೆಳಗೊಂದು ಸಾಲು. ‘ಮಾವ, ಇದು ನನ್ನ ಕೈಯಲ್ಲಿಲ್ಲ’ ಎಂದು ಬರೆದು ನಿರೀಕ್ಷಾ ಅಳಿಸಿದಳು. ಇನ್ನೊಮ್ಮೆ ಬರೆದಳು, ಅಳಿಸಿದಳು. ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ದಿನ ಹೋದಷ್ಟೂ ಆ ಪ್ರಶ್ನೆ ದೊಡ್ಡದಾಯಿತು.

“ಆ ಪಂಪ್‌ವೆಲ್‌ನವರ ಸುದ್ದಿಯೇ ಇಲ್ಲ. ಉತ್ತರ ಕೊಡುವ ವಾಯಿದೆ ಈ ವಾರ ಮುಗೀತದೆ. ನಮಗೆ ಸುಲಭ ಆಯ್ತು” ಎಂದ ಶೋಭಿತ್ ಪಕ್ಕದ ಮೇಜಿನಿಂದ. ಅವಳು ಹೊರಗೆ ಹೋಗಿ ಮಾವನಿಗೆ ಫೋನು ಮಾಡಿದಳು. ಅತ್ತೆ ಎತ್ತಿಕೊಂಡು, ಅವರು ಮಾರ್ಕೆಟ್ಟಿಗೆ ಹೋಗಿದ್ದಾರೆ, ಎಂತ ಹೇಳ್ಬೇಕು ಎಂದರು. “ಎಂತ ಇಲ್ಲ ಅತ್ತೆ, ಮತ್ತೆ ಮಾಡ್ತೇನೆ” ಎಂದವಳು ಮತ್ತೆ ಮಾಡಲಿಲ್ಲ.

ಆದೇಶ ಬಂತು. ಹೆಸರು ಕಂಪನಿಗೆ ಹೋಯಿತು. ನಿರೀಕ್ಷಾ ಅಂಗಡಿಗೆ ಹೋದಾಗ ಪ್ರಾಪ್ತಿ ಆದೇಶದ ಇಂಗ್ಲಿಷನ್ನು ಅಪ್ಪನಿಗೆ ಬಿಡಿಸಿ ಹೇಳುತ್ತಿದ್ದಳು. ಇವಳನ್ನು ಕಂಡು ಇನ್ನೂ ಗಟ್ಟಿಯಾಗಿ ಓದಿದಳು: “ಈ ಹೆಸರಿಗೂ ಇವರಿಗೂ ಏನಾದರೂ ಸಂಬಂಧ ಉಂಟೆಂದು ತೋರಿಸುವ ಒಂದು ತುಂಡು ಸಾಕ್ಷ್ಯವೂ ಇಲ್ಲ. ಕೇಳಿತಾ ಅಕ್ಕ? ಅಜ್ಜಿಗೂ ನಮಗೂ ಸಂಬಂಧ ಇಲ್ಲವಂತೆ.”

ದುಗ್ಗಪ್ಪ ತಲೆಯೆತ್ತಿದರು. “ನೀನು ನೋಡ್ತಿ ಅಂತ ನಾನು ಕೂತೆ. ಆಗುವುದಿಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ. ಯಾರನ್ನಾದ್ರೂ ಹಿಡೀತಿದ್ದೆ.”

“ಬಾಯಿ ಬರ್ಲಿಲ್ಲ ಮಾವ.”

“ಬಾಯಿ ಬರ್ಲಿ ಅಂತ ಅಲ್ವಾ ನಿನ್ನನ್ನು ಓದಿಸಿದ್ದು?”

ಕೋರ್ಟಿನಲ್ಲಿ ಇದನ್ನು ಪ್ರಶ್ನಿಸಬಹುದು, ಇನ್ನೂ ದಾರಿ ಉಂಟು ಎಂದು ಅವಳು ಶುರುಮಾಡಿದಳು. ಮಾವ ಕೈ ಅಡ್ಡ ಹಿಡಿದರು. “ಬೇಡ. ನಿನ್ನ ದಾರಿ ಸಾಕು.”

ಮುಂದೆ ಆ ವಿಳಾಸ ಒತ್ತಿದವರಿಗೆಲ್ಲ ಸೋಪಿನ ನೊರೆಯಲ್ಲಿ ನಗುವ ಮಗು ಕಾಣಿಸತೊಡಗಿತು. ಅಂಗಡಿ ಮುಚ್ಚಿರಬೇಕು ಎಂದುಕೊಂಡು ಗಲ್ಫಿನವರು ಬೇರೆ ಕಡೆ ಹೋದರು. ಪ್ರಾಪ್ತಿ ಬೇರೆ ಹೆಸರಿನಲ್ಲಿ ಇನ್ನೊಂದು ಸೈಟು ಮಾಡಿದಳು. ಅದನ್ನು ಹುಡುಕಿಕೊಂಡು ಬಂದವರು ಕಡಿಮೆ. ಬಾಡಿಗೆ ಕಟ್ಟುವುದೇ ಕಷ್ಟವಾದಾಗ ದುಗ್ಗಪ್ಪ ಅಂಗಡಿ ಬಿಟ್ಟುಕೊಟ್ಟರು. ಗೆಳೆಯನೊಬ್ಬನ ಕ್ಯಾಂಟೀನಿನಲ್ಲಿ ಒಲೆಯ ಮುಂದೆ ನಿಲ್ಲಲು, ಮೊಣಕಾಲು ನೋವು ಕಟ್ಟಿಕೊಂಡು, ಆ ಪ್ರಾಯದಲ್ಲಿ ಮತ್ತೆ ಒಮಾನಿಗೆ ವಿಮಾನ ಹತ್ತಿದರು. ಹೊರಟ ದಿನ ಯಾವುದೆಂದು ನಿರೀಕ್ಷಾಳಿಗೆ ಯಾರೂ ಹೇಳಲಿಲ್ಲ.

ಕಂಪನಿಯ ಕೆಲಸ ತನಗೆ ಬೇಡವೆಂದು ಅವಳು ಜಯಪಾಲ ವಕೀಲರಿಗೆ ಹೇಳಿದಳು. ಅವರು ಕಾರಣ ಕೇಳದೆ ಜಾಗದ ತಕರಾರಿನ ಫೈಲುಗಳನ್ನು ಕೊಟ್ಟರು. ಈಗ ಅವಳು ದಿನಾಲೂ ಕೋರ್ಟಿಗೆ ಹೋಗುತ್ತಾಳೆ, ಕಕ್ಷಿದಾರರಿಗೆ ಬೇಕಾದ್ದಕ್ಕಿಂತ ಹೆಚ್ಚೇ ವಿವರಿಸುತ್ತಾಳೆ.

ಶುಕ್ರವಾರ ಅಲ್ಲಿ ರಜೆಯಾದ್ದರಿಂದ ದುಗ್ಗಪ್ಪ ರೂಮಿನಿಂದ ತಂಗಿಗೆ ಫೋನು ಮಾಡುತ್ತಾರೆ. ತಾಯಿ ಸ್ಪೀಕರ್ ಹಾಕಿಕೊಂಡು ಮಾತಾಡುವಾಗ ನಿರೀಕ್ಷಾ ಒಳಕೋಣೆಯಲ್ಲಿ ಕೂತು ಕೇಳುತ್ತಾಳೆ. ಸೆಖೆ, ಮೊಣಕಾಲು, ಪ್ರಾಪ್ತಿಯ ಪರೀಕ್ಷೆ. ಕಳೆದ ಸಲ ತಾಯಿಗೆ ತಡೆಯಲಾಗಲಿಲ್ಲ.

“ಅಣ್ಣ, ನಿರೀಕ್ಷಾ ಇಲ್ಲೇ ಇದ್ದಾಳೆ. ಕೊಡ್ಲಾ?”

ಆ ಕಡೆ ಪಾತ್ರೆಗಳ ಸದ್ದು ಕೇಳಿತು.

“ಇನ್ನು ಅಕ್ಕಿ ಹಾಕ್ಬೇಕು” ಎಂದರು ದುಗ್ಗಪ್ಪ. “ಇಡ್ತೇನೆ.”