ಬೊಳ್ಳಿಯ ಗಂಜಿ

ಮಾನ್ಯ ಓದುಗರಾದ ತಮ್ಮಲ್ಲಿ ಮೊದಲಿಗೇ ಒಂದು ಅರಿಕೆ. ಪೆರ್ಡೂರಿನ ಆಚೆಯ ನಮ್ಮೂರಿನ ಹಾಲಿನ ಸಂಘದಲ್ಲಿ ಬಹುಕಾಲ ಕಾರ್ಯದರ್ಶಿಯಾಗಿದ್ದ ನನಗೆ, ಸಂಘದ ಪತ್ರಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲ. ಇದು ನನ್ನ ಮೊದಲ ಬರಹ. ಆದಕಾರಣ 'ಸದರಿ', 'ಮೇಲ್ಕಾಣಿಸಿದ' ಮುಂತಾದ ಪದಗಳು ಅಲ್ಲಲ್ಲಿ ನುಸುಳಿದ್ದಲ್ಲಿ ತಾವು ಮನ್ನಿಸಬೇಕಾಗಿ ಕೋರಿಕೆ.

ವಿಷಯವೇನೆಂದರೆ, ಈ ಬಾರಿಯ ನಾಗರಪಂಚಮಿಯ ಬೆಳಿಗ್ಗೆ ನಾನು ಕಡಿಯಾಳಿಯಿಂದ ಊರಿನ ಬಸ್ಸು ಹತ್ತಿದೆ. ಮಡಿಲಲ್ಲಿದ್ದ ಚೀಲದಲ್ಲಿ ಕುಟುಂಬದ ನಾಗಬನಕ್ಕೆಂದು ಕೊಂಡ ಹಾಲಿನ ಪ್ಯಾಕೆಟುಗಳಿದ್ದವು. ಪರ್ಕಳದ ಏರಿನಲ್ಲಿ ನಮ್ಮ ಬಸ್ಸು ಟಾರ್ಪಾಲು ಹೊದ್ದ ಒಂದು ಲಾರಿಯ ಹಿಂದೆ ಸಿಕ್ಕಿಬಿದ್ದಿತು. ಲಾರಿಯ ಹಿಂಬದಿಯಿಂದ ಕಂದುಬಣ್ಣದ ನೀರು ತೊಟ್ಟಿಕ್ಕುತ್ತಿತ್ತು. ಹುಳಿ ಬಂದ ಅನ್ನದಂಥ, ಬಿಸಿಯಾದ, ಸ್ವಲ್ಪ ಸಿಹಿಯೂ ಇರುವ ಒಂದು ವಾಸನೆ ಬಸ್ಸಿನೊಳಗೆಲ್ಲ ತುಂಬಿತು. ಎಲ್ಲರೂ ಮೂಗು ಮುಚ್ಚಿಕೊಂಡರು. ನಾನೂ ಸೆರಗನ್ನು ಮೂಗಿಗೆ ಒತ್ತಿಕೊಂಡೆ.

"ಎಂತ ವಾಸನೆ ಮಾರಾಯ್ರೆ ಇದು? ಶರಾಬಾ?" ಎಂದು ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಕೇಳಿದರು.

ಉತ್ತರ ನನಗೆ ತಿಳಿದಿತ್ತು. ಆದರೆ ಅಷ್ಟರಲ್ಲಿ ನನ್ನ ಅಮ್ಮನ ಅಕ್ಕ, ಕುಸುಮ ದೊಡ್ಡಮ್ಮ, ಕಣ್ಣ ಮುಂದೆ ಬಂದು ನಿಂತಿದ್ದರು.

ಶರಾಬು ತಯಾರಿಸುವ ಕಾರ್ಖಾನೆಯಲ್ಲಿ ಶರಾಬಿಗಿಂತ ಹೆಚ್ಚಾಗಿ ಉಳಿಯುವುದು ಚರಟ ಎಂಬುದು ತಮಗೆ ತಿಳಿದಿರಲಿಕ್ಕಿಲ್ಲ. ನನಗೂ ತಿಳಿದಿರಲಿಲ್ಲ. ಸಂಘದ ಪರವಾಗಿ ಘಟ್ಟದ ಮೇಲಿನ ಅಂಥದೊಂದು ಕಾರ್ಖಾನೆಯನ್ನು ನೋಡಲು ಹೋದಾಗಲಷ್ಟೇ ತಿಳಿಯಿತು. ನುಚ್ಚಕ್ಕಿಯನ್ನು ಬೇಯಿಸಿ, ಹುಳಿ ಬರಿಸಿ, ಕುದಿಸಿ, ಆವಿಯಾಗಿ ಮೇಲೆದ್ದ ಸಾರವನ್ನು ಹಿಡಿದಿಟ್ಟುಕೊಳ್ಳುತ್ತಾರೆ. ತಳದಲ್ಲಿ ಉಳಿಯುವ ಗಂಜಿಯಂಥ ರಾಡಿಯನ್ನು ಹಿಂದೆಲ್ಲ ಹೊಂಡ ತೋಡಿ ಬಿಡುತ್ತಿದ್ದರಂತೆ. ಸುತ್ತಲಿನ ಬಾವಿಗಳ ನೀರು ಕೆಟ್ಟು ಜನ ಜಗಳಕ್ಕೆ ಬಂದರಂತೆ. ಈಗ ಯಂತ್ರದಲ್ಲಿ ತಿರುಗಿಸಿ ನೀರನ್ನು ಬೇರ್ಪಡಿಸುತ್ತಾರೆ. ಉಳಿದ ಮುದ್ದೆ ಹಸಿಯಾಗಿಯೇ ದನಗಳಿಗೆ ಬರುತ್ತದೆ. ಒಣಗಿಸಿ ಪುಡಿ ಮಾಡಿದರೆ ಕೋಳಿಗೂ ಸಾಕುಮೀನಿಗೂ ಹೋಗುತ್ತದೆ. ಎರ್ಮಾಳಿನಲ್ಲಿ ದೋಣಿ ಇಟ್ಟುಕೊಂಡಿರುವ ನಮ್ಮ ಬಂಧುವೊಬ್ಬರು ಇದನ್ನು ಕೇಳಿ, "ನಮ್ಮ ಕಡಲಿನ ಮೀನಿಗೆ ಆ ಚಟ ಇಲ್ಲ ಆಯ್ತಾ" ಎಂದು ಗಂಭೀರವಾಗಿ ಸ್ಪಷ್ಟೀಕರಣ ನೀಡಿದ್ದರು.

ಹೀಗೆ ನಮ್ಮ ಸಂಘಕ್ಕೆ ಹಸಿ ಹಿಂಡಿ ಬರತೊಡಗಿತು. ಬಂದ ದಿನವೇ ಹಂಚಬೇಕು, ಇಲ್ಲವೇ ಡ್ರಮ್ಮಿನಲ್ಲಿ ಗಾಳಿಯಾಡದಂತೆ ಒತ್ತಿಡಬೇಕು. ತಡವಾದರೆ ಬೂಷ್ಟು ಹಿಡಿಯುತ್ತದೆ. ಊರಿನ ದನದ ಹಟ್ಟಿಗಳೆಲ್ಲ ಅದನ್ನು ಒಪ್ಪಿಕೊಂಡವು, ದೊಡ್ಡಮ್ಮನ ಹಟ್ಟಿಯೊಂದನ್ನು ಬಿಟ್ಟು.

ಕಾರಣವನ್ನು ಯಾರೂ ಕೇಳಬೇಕಾಗಿರಲಿಲ್ಲ. ದೊಡ್ಡಪ್ಪ ಸಾರಾಯಿಯಿಂದಲೇ ತೀರಿಕೊಂಡವರು. ಒಳ್ಳೆಯ ಮನುಷ್ಯ, ಕಲ್ಲು ಕಟ್ಟುವುದರಲ್ಲಿ ಅವರ ಕೈಗೆ ಹೆಸರಿತ್ತು. ಕೊನೆಕೊನೆಗೆ ಆ ಕೈ ಲೋಟ ಹಿಡಿಯುವಾಗಲೂ ನಡುಗುತ್ತಿತ್ತು. ಅವರು ಹೋದ ಮೇಲೆ ದೊಡ್ಡಮ್ಮ ಅವರ ಚಾಪೆಯನ್ನು ಸುಟ್ಟರು, ಗೋಡೆಗೆ ಸುಣ್ಣ ಬಳಿಸಿದರು, ಹುಳಿ ಬರುತ್ತದೆಂದು ದೋಸೆಯ ಹಿಟ್ಟನ್ನು ಕೂಡ ರಾತ್ರಿಗೆ ಉಳಿಸುತ್ತಿರಲಿಲ್ಲ. ಉಳಿದಿದ್ದದ್ದು ಬೊಳ್ಳಿ ಎಂಬ ಬಿಳಿಯ ದನ, ಮತ್ತು ಅದರ ಹಾಲು. ಮನೆ ನಡೆಯುತ್ತಿದ್ದುದು ಆ ಹಾಲಿನಿಂದ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಪಂಚಮಿಯಂದು ನಾಗನ ಕಲ್ಲಿಗೆ ಎರೆಯುವ ತನುವಿನ ಹಾಲು ಪ್ರತಿ ವರ್ಷವೂ ದೊಡ್ಡಮ್ಮನ ಹಟ್ಟಿಯಿಂದಲೇ ಹೋಗುತ್ತಿತ್ತು. ಗಂಡನಿಂದಾಗಿ ನಾಲ್ಕು ಜನರ ಮುಂದೆ ತಲೆತಗ್ಗಿಸಿ ನಡೆದ ಅವರು, ಆ ಒಂದು ದಿನ ಮಾತ್ರ ತಂಬಿಗೆ ಹಿಡಿದು ತಲೆಯೆತ್ತಿ ನಡೆಯುತ್ತಿದ್ದರು.

ಒಂದು ಮಳೆಗಾಲದಲ್ಲಿ ಬೈಹುಲ್ಲಿನ ಬಣವೆಯೊಳಗೆ ನೀರು ನುಗ್ಗಿ ಹುಲ್ಲೆಲ್ಲ ಕೊಳೆಯಿತು. ಕರು ಹಾಕಿದ್ದ ಬೊಳ್ಳಿಯ ಪಕ್ಕೆಲುಬು ಕಾಣತೊಡಗಿತು. ದೊಡ್ಡಮ್ಮ ಸಂಘದ ಜಗಲಿಗೆ ಬಂದು, ಛತ್ರಿಯನ್ನು ಮಡಚದೆಯೇ ನಿಂತರು.

"ಕೊಡು ಮಗಾ, ಆ ದರಿದ್ರವನ್ನು."

"ಅದರಲ್ಲಿ ಅಮಲು ಇಲ್ಲ ದೊಡ್ಡಮ್ಮ. ಕುದಿಸಿ ತೆಗೆದಿರುತ್ತಾರೆ."

"ನಿನ್ನ ಪಾಠ ಆಮೇಲೆ ಮಾಡು. ಅಂಗಳಕ್ಕೆ ತರುವುದು ಬೇಡ, ಹಟ್ಟಿಯ ಹಿಂದೆ ಇಳಿಸಲಿಕ್ಕೆ ಹೇಳು."

ನಾವು ಮಾತನಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಸಲ್ಲಿಸಿದ್ದೇನೆ. ತುಳುವಿನಲ್ಲಿ ಅವರ ಸಿಟ್ಟು ಇನ್ನೂ ಚೆನ್ನಾಗಿತ್ತು.

ಮೊದಲ ದಿನ ಸ್ವಲ್ಪವೇ ಕೊಟ್ಟು ಅಭ್ಯಾಸ ಮಾಡಿಸಬೇಕೆಂದು ಹೇಳಲು ನಾನೂ ಹೋಗಿದ್ದೆ. ದೊಡ್ಡಮ್ಮ ಸೆರಗನ್ನು ಮೂಗಿಗೆ ಬಿಗಿದು ಕಟ್ಟಿಕೊಂಡು, ಮುದ್ದೆಯನ್ನು ಅಳಿದುಳಿದ ಹುಲ್ಲಿಗೆ ಕಲಸಿದರು. ಬೊಳ್ಳಿ ಬಾಣಲೆಯ ತಳ ಕಾಣುವವರೆಗೆ ನೆಕ್ಕಿತು. ಆಗ ಅವರು ಸೆರಗನ್ನು ಬಿಚ್ಚಿ, ಬೆರಳಿಗೆ ಅಂಟಿದ್ದ ಚೂರನ್ನು ನಾಲಿಗೆಗೆ ಮುಟ್ಟಿಸಿದರು.

"ಹೌದು, ಏನೂ ಇಲ್ಲ. ಬರೀ ಹಳಸಿದ ಗಂಜಿ," ಎಂದರು. ಬೊಳ್ಳಿಯ ಬೆನ್ನ ಮೇಲೆ ಕೈಯಿಟ್ಟರು. "ಆ ಮನುಷ್ಯನಿಂದ ಶರಾಬಿನವರಲ್ಲಿಗೆ ಎಷ್ಟು ಹೋಯಿತು ಅಲ್ವಾ? ಅಲ್ಲಿಂದ ಈ ಮನೆಗೆ ತಿರುಗಿ ಬಂದದ್ದು ಇದೊಂದೇ."

ಅಂದಿನಿಂದ ಅವರ ಬಾಯಲ್ಲಿ ಅದಕ್ಕೆ ಬೊಳ್ಳಿಯ ಗಂಜಿ ಎಂದೇ ಹೆಸರಾಯಿತು. ದನ ಮೈದುಂಬಿತು, ಹಾಲು ಏರಿತು. ನೆರೆಮನೆಯ ಲಲಿತಕ್ಕ ಬೇಲಿಯ ಮೇಲಿಂದ, "ಎಂತ ಕುಸುಮಕ್ಕ, ನಿಮ್ಮ ಬೊಳ್ಳಿ ಸಂಜೆಗೆ ಪದ ಹೇಳ್ತದಾ ಹೇಗೆ?" ಎಂದು ಕೇಳಿದರೆ, "ಇಲ್ಲ ಮಾರಾಯ್ತಿ, ನಿನ್ನ ಗಂಡ ಹೇಳುವುದನ್ನು ಕೇಳ್ತದೆ" ಎಂದು ಉತ್ತರ ಹೋಗುತ್ತಿತ್ತು.

ನಗೆಯ ಮಾತು ಬೇಲಿ ದಾಟಿ ಕುಟುಂಬದ ಯಜಮಾನರ ಕಿವಿಗೆ ಮುಟ್ಟಿತು. ಅವರು ದೊಡ್ಡಮ್ಮನ ಸ್ವಂತ ಅಣ್ಣ, ನನಗೆ ಸೋದರಮಾವ. ಪಂಚಮಿಯಂದು ಬನದ ಕಟ್ಟೆಯ ಬಳಿ, ಎಲ್ಲರೆದುರಿಗೆ, ಅವರು ಕೈ ಅಡ್ಡ ಹಿಡಿದರು.

"ಕುಸುಮಾ, ಈ ವರ್ಷ ನಿನ್ನ ಹಾಲು ಬೇಡ. ನಾಗನಿಗೆ ಶುದ್ಧ ಬೇಕು. ಶರಾಬಿನ ಚರಟ ತಿಂದ ದನದ್ದು ಆಗುವುದಿಲ್ಲ."

ಮಳೆ ಹನಿಯುತ್ತಿತ್ತು. ದೊಡ್ಡಮ್ಮನ ತಂಬಿಗೆಯ ಮೇಲೆ ಬಾಳೆಲೆ ಮುಚ್ಚಿತ್ತು. ಹಿಂದಿರುಗಿಬಿಡುತ್ತಾರೆಂದು ನಾನು ತಿಳಿದೆ. ಹಾಗೆ ಹಿಂದಿರುಗುವುದನ್ನು ಅವರು ಇಡೀ ಜೀವಮಾನ ಮಾಡಿದ್ದರು.

"ಅಣ್ಣಾ," ಎಂದರು. ಸ್ವರ ಏರಿರಲಿಲ್ಲ. "ಅವರು ಕುಡಿದು, ಕಾಲು ನಿಲ್ಲದೆ, ಇದೇ ಕಟ್ಟೆ ಹಿಡಿದುಕೊಂಡು ನಿಲ್ಲುತ್ತಿದ್ದರು. ಆಗ ನೀವು ಕೈ ಅಡ್ಡ ಹಿಡಿಯಲಿಲ್ಲ. ಬನ್ನಿ ಭಾವ ಅಂತ ಕರೆದು ಪ್ರಸಾದ ಕೊಟ್ಟಿರಿ. ನಾನು ಹಿಂದೆ ನಿಂತು ನೋಡಿದ್ದೇನೆ. ಶರಾಬು ಕುಡಿದವರು ಒಳಗೆ ಬರಬಹುದು. ಹಸಿವಿಗೆ ಚರಟ ತಿಂದ ನನ್ನ ದನದ್ದು ಬರಬಾರದಾ?"

ಮಾವನ ಕೈ ಅಡ್ಡ ಹಿಡಿದಂತೆಯೇ ಇತ್ತು, ಆದರೆ ಅದನ್ನು ಏನು ಮಾಡಬೇಕೆಂದು ಅವರಿಗೆ ತೋಚಲಿಲ್ಲವೆಂದು ನನ್ನ ಅನಿಸಿಕೆ. ನಾಗನ ತಂಬಿಲದ ಪೂಜೆಗೆ ಬಂದಿದ್ದ ಭಟ್ಟರು ಅಡಿಕೆಯ ಹಿಂಗಾರದ ಎಸಳು ಬಿಡಿಸುತ್ತಿದ್ದವರು ತಲೆಯೆತ್ತಿದರು.

"ಕುಸುಮಕ್ಕ, ತಂಬಿಗೆ ಇಲ್ಲಿ ಕೊಡಿ. ಇನ್ನೂ ಎರಡು ಬನಕ್ಕೆ ಹೋಗಲಿಕ್ಕೆ ಉಂಟು ನನಗೆ."

ಮಾವ ಕೈ ಇಳಿಸಿದರು. ಹಾಲು ಕಲ್ಲಿನ ಹೆಡೆಯ ಮೇಲಿಂದ ಇಳಿದು, ಸೀಯಾಳದ ನೀರಿನೊಂದಿಗೆ, ಮಳೆಯ ನೀರಿನೊಂದಿಗೆ ಬೆರೆತು ಹೋಯಿತು. ದೊಡ್ಡಮ್ಮ ಖಾಲಿ ತಂಬಿಗೆಯನ್ನು ಎದೆಗೊತ್ತಿಕೊಂಡು ಅತ್ತರು. ದೊಡ್ಡಪ್ಪ ತೀರಿದ ದಿನ ಅವರು ಅತ್ತಿರಲಿಲ್ಲ.

ಈಗ ದೊಡ್ಡಮ್ಮ ಇಲ್ಲ, ಹಟ್ಟಿ ಇದ್ದಲ್ಲಿ ಕಾರು ನಿಲ್ಲುತ್ತದೆ. ತನುವಿಗೆ ಪ್ಯಾಕೆಟಿನ ಹಾಲು. ಸಂಘಸಂಘಗಳಿಂದ ಬಂದು ಒಂದೇ ಟ್ಯಾಂಕಿನಲ್ಲಿ ಬೆರೆತ ಆ ಹಾಲಿನ ದನಗಳು ಏನು ತಿಂದವು ಎಂದು ಬನದಲ್ಲಿ ಯಾರೂ ಕೇಳುವುದಿಲ್ಲ. ಏನು ತಿನ್ನುತ್ತವೆಂದು ನನಗೆ ಗೊತ್ತು. ಅದು ನನ್ನ ಮುಂದೆಯೇ, ಟಾರ್ಪಾಲು ಹೊದ್ದು, ಏರು ಹತ್ತುತ್ತಿತ್ತು.

ಪಕ್ಕದ ಹೆಂಗಸು ಇನ್ನೂ ಮೂಗು ಮುಚ್ಚಿಕೊಂಡೇ ನನ್ನತ್ತ ನೋಡುತ್ತಿದ್ದರು. ನಾನು ನನ್ನ ಸೆರಗನ್ನು ಇಳಿಸಿ, ಮಡಿಲ ಚೀಲವನ್ನು ಸರಿಪಡಿಸಿಕೊಂಡೆ.

"ಶರಾಬು ಅಲ್ಲ ಅಕ್ಕ," ಎಂದೆ. "ಶರಾಬು ಬೇರೆ ಲಾರಿಯಲ್ಲಿ ಹೋಗಿ ಆಗಿದೆ. ಇದು ಗಂಜಿ."